ಪ್ರೊಸೆಸರ್ ಹಲವು, ಉತ್ತರ ಕಡತ ಒಂದು

ಕಂಪ್ಯೂಟರ್‌ಗೆ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ನಿಗದಿಯಾದವು. ಯಾವ ಭಾಷೆ, ಯಾವ ಕೀಲಿಮಣೆ, ಯಾವ ಸಮಯವಲಯ, ಡಿಸ್ಕನ್ನು ಹೇಗೆ ಭಾಗ ಮಾಡಬೇಕು, ಬಳಕೆದಾರರ ಹೆಸರೇನು, ಯಾವ ಯಾವ ತಂತ್ರಾಂಶ ಬೇಕು. ಒಂದೊಂದು ಯಂತ್ರದ ಮುಂದೆಯೂ ಕೂತು ಇವಕ್ಕೆ ಉತ್ತರಿಸುವ ಬದಲು ಎಲ್ಲ ಉತ್ತರಗಳನ್ನೂ ಮೊದಲೇ ಒಂದು ಕಡತದಲ್ಲಿ ಬರೆದು ಇನ್‌ಸ್ಟಾಲರ್‌ಗೆ ಒಪ್ಪಿಸಿದರೆ ಯಂತ್ರ ತಾನಾಗಿಯೇ ಸಿದ್ಧವಾಗುತ್ತದೆ. ಇದೇ ಸ್ವಯಂಚಾಲಿತ ಅನುಸ್ಥಾಪನೆ. ಕಡತಕ್ಕೆ ಡೆಬಿಯನ್‌ನಲ್ಲಿ ಪ್ರಿಸೀಡ್ ಎಂದೂ ರೆಡ್ ಹ್ಯಾಟ್ ಮತ್ತು ಫೆಡೋರಾದಲ್ಲಿ ಕಿಕ್‌ಸ್ಟಾರ್ಟ್ ಎಂದೂ ಸೂಸೆಯಲ್ಲಿ ಆಟೊಯಾಸ್ಟ್ ಎಂದೂ ಉಬುಂಟುವಿನಲ್ಲಿ 20.04ರ ಆವೃತ್ತಿಯಿಂದೀಚೆಗೆ ಆಟೊಇನ್‌ಸ್ಟಾಲ್ ಎಂದೂ ಹೆಸರು. ವಿಂಡೋಸ್‌ನಲ್ಲಿ ಅದು ಅನ್‌ಅಟೆಂಡ್ ಎಂಬ ಎಕ್ಸ್‌ಎಂಎಲ್ ಕಡತ. ಹೆಸರು ಯಾವುದಾದರೂ ಅದು ಉತ್ತರಗಳ ಪಟ್ಟಿಯೇ. ಹಾಗಾಗಿ ಇಲ್ಲಿ ಎಲ್ಲಕ್ಕೂ ಉತ್ತರ ಕಡತ ಎಂಬ ಹೆಸರನ್ನೇ ಬಳಸಲಾಗಿದೆ.

ಎಲ್ಲ ಯಂತ್ರಗಳೂ ಒಂದೇ ಮಾದರಿಯವಾಗಿದ್ದರೆ ಉತ್ತರ ಕಡತದ ಗೊಡವೆಯೇ ಬೇಕಿಲ್ಲ. ಒಂದನ್ನು ಸಿದ್ಧಪಡಿಸಿ ಅದರ ಡಿಸ್ಕಿನ ಪ್ರತಿಯನ್ನು ಕ್ಲೋನ್‌ಜಿಲ್ಲಾ ತಂತ್ರಾಂಶದಿಂದ ಉಳಿದವಕ್ಕೆ ಇಳಿಸಿದರೆ ಆಯಿತು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯಂಥ ಊರುಗಳ ಶಾಲೆ ಕಾಲೇಜುಗಳ ಲ್ಯಾಬ್‌ಗಳಲ್ಲಿ ಪರಿಸ್ಥಿತಿ ಅಷ್ಟು ಅನುಕೂಲವಾಗಿರುವುದಿಲ್ಲ. ಒಂದಷ್ಟು ಸರ್ಕಾರದ ಯೋಜನೆಯಲ್ಲಿ ಬಂದವು, ಒಂದಷ್ಟು ದಾನಿಗಳು ಕೊಟ್ಟವು, ಒಂದೆರಡು ಹತ್ತು ಹದಿನೈದು ವರ್ಷದ ಹಿಂದಿನವು, ಜೊತೆಗೆ ವಿಜ್ಞಾನ ಮಾದರಿಗೆಂದು ತಂದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಇಂಥ ಕಡೆ ಡಿಸ್ಕಿನ ಪ್ರತಿ ಕೈಕೊಡುತ್ತದೆ. ಒಂದು ಬಗೆಯ ಪ್ರೊಸೆಸರ್‌ಗೆಂದು ಸಿದ್ಧವಾದ ಪ್ರತಿ ಇನ್ನೊಂದು ಬಗೆಯದರಲ್ಲಿ ಏಳುವುದೇ ಇಲ್ಲ. ಎದ್ದರೂ ಎಲ್ಲ ಯಂತ್ರಗಳಿಗೂ ಒಂದೇ ಹೆಸರು, ಒಂದೇ ಗುರುತಿನ ಸಂಖ್ಯೆ, ಒಂದೇ ರಹಸ್ಯ ಕೀಲಿ ಬಂದು ಜಾಲದಲ್ಲಿ ಗೊಂದಲವಾಗುತ್ತದೆ. ಉತ್ತರ ಕಡತಕ್ಕೆ ಆ ದೋಷವಿಲ್ಲ, ಏಕೆಂದರೆ ಅದು ಪ್ರತಿ ಯಂತ್ರದಲ್ಲೂ ಹೊಸದಾಗಿ ಅನುಸ್ಥಾಪನೆ ನಡೆಸುತ್ತದೆ.

ಪ್ರೊಸೆಸರ್‌ಗಳ ಬಗೆ

ಆರ್ಕಿಟೆಕ್ಚರ್ ಎಂದರೆ ಪ್ರೊಸೆಸರ್‌ಗೆ ಅರ್ಥವಾಗುವ ಆಜ್ಞೆಗಳ ಸಮೂಹ. ಇವತ್ತು ತಾಲ್ಲೂಕು ಮಟ್ಟದ ಲ್ಯಾಬ್‌ನಲ್ಲಿ ಎದುರಾಗುವಂಥವು ನಾಲ್ಕು.

ಮೊದಲನೆಯದು ಇಂಟೆಲ್ 1978ರಲ್ಲಿ ತಂದ 8086 ಚಿಪ್‌ನ ವಂಶದ 32 ಬಿಟ್ ಯಂತ್ರಗಳು. ಹಳೆಯ ಪೆಂಟಿಯಂ 4ಗಳು, ಮೊದಮೊದಲ ಆಟಂ ನೆಟ್‌ಬುಕ್‌ಗಳಲ್ಲಿ ಹಲವು ಈ ಸಾಲಿನವು. ಇವುಗಳ ಕಾಲ ಮುಗಿಯುತ್ತ ಬಂದಿದೆ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನು ನಿಲ್ಲಿಸಿತು. ಇವಕ್ಕೆ ಡೆಬಿಯನ್ 12 ಕೊನೆಯದು, ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ಗೆ ಮುಗಿಯುತ್ತದೆ. ಎರಡನೆಯದು 2003ರಲ್ಲಿ ಎಎಂಡಿ ಕಂಪನಿ ತಂದು ಆಮೇಲೆ ಇಂಟೆಲ್ ಕೂಡ ಒಪ್ಪಿಕೊಂಡ 64 ಬಿಟ್ ವಿಸ್ತರಣೆ. ಲ್ಯಾಬ್‌ನ ಬಹುಪಾಲು ಯಂತ್ರಗಳು ಇವೇ. ಇಂಟೆಲ್ ಚಿಪ್ ಇದ್ದರೂ ಡೆಬಿಯನ್‌ನಲ್ಲಿ ಇದರ ಹೆಸರು ಎಎಂಡಿ64 ಎಂದೇ ಇರುವುದರಿಂದ ಹೊಸಬರು ತಪ್ಪು ಕಡತ ಇಳಿಸಿಕೊಂಡೆವೇನೋ ಎಂದು ಗಾಬರಿಯಾಗುವುದುಂಟು.

ಮೂರನೆಯದು ಆರ್ಮ್. ಮೊಬೈಲ್ ಫೋನ್‌ಗಳ ಮೂಲಕ ಮನೆಮನೆ ಸೇರಿದ ಈ ಬಗೆ ಕರ್ನಾಟಕಕ್ಕೆ ಹೊಸದೇನಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ತಂತ್ರಜ್ಞರು ಸೇರಿ ರೂಪಿಸಿದ ಸಿಂಪ್ಯೂಟರ್ ಓಡಿದ್ದು ಸ್ಟ್ರಾಂಗ್‌ಆರ್ಮ್ ಚಿಪ್ ಮತ್ತು ಲಿನಕ್ಸ್ ಮೇಲೆ. ರಾಸ್ಪ್‌ಬೆರಿ ಪೈ ಕೂಡ ಆರ್ಮ್ ಬಳಗದ್ದೇ. ನಾಲ್ಕನೆಯದು ರಿಸ್ಕ್-ವಿ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಇದನ್ನು ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು. ಐಐಟಿ ಮದ್ರಾಸ್‌ನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರ್‌ಗಳು ಈ ಬಗೆಯವು. 2025ರ ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಶೃಂಗಸಭೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಮುಂದಿಟ್ಟ ಕಿಯೋ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಇರುವುದೂ ರಿಸ್ಕ್-ವಿ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟು ಮಾಡಿದ ಯಂತ್ರವಾದ್ದರಿಂದ ರಾಜ್ಯದ ಶಾಲೆಗಳು ಈ ನಾಲ್ಕನೆಯ ಬಗೆಗೂ ಸಿದ್ಧವಾಗಿರುವುದು ಒಳ್ಳೆಯದು.

ವ್ಯತ್ಯಾಸ ಇರುವುದು ಎಲ್ಲಿ

ನಾಲ್ಕು ಬಗೆಗೂ ನಾಲ್ಕು ಉತ್ತರ ಕಡತ ಬರೆಯಹೊರಡುವುದು ಸಾಮಾನ್ಯವಾಗಿ ಕಾಣುವ ದುಂದು. ಸಮಯವಲಯ ಎಲ್ಲದರಲ್ಲೂ ಏಷ್ಯಾ-ಕೋಲ್ಕತಾ. ಬಳಕೆದಾರರ ಹೆಸರು, ಲಿಬ್ರೆ ಆಫೀಸ್, ಜಿಯೊಜೀಬ್ರಾ, ಕನ್ನಡ ಅಕ್ಷರಶೈಲಿ ಇವುಗಳಲ್ಲೂ ಪ್ರೊಸೆಸರ್‌ನ ಮಾತಿಲ್ಲ. ಡೆಬಿಯನ್‌ನಲ್ಲಿ ಪ್ಯಾಕೇಜ್‌ಗಳ ಹೆಸರು ಎಲ್ಲ ಆರ್ಕಿಟೆಕ್ಚರ್‌ಗಳಲ್ಲೂ ಒಂದೇ. ವ್ಯತ್ಯಾಸವಾಗುವುದು ಮುಖ್ಯವಾಗಿ ಮೂರು ಕಡೆ: ಯಂತ್ರ ಏಳುವ ವಿಧಾನ, ಡಿಸ್ಕಿನ ಮೊದಲ ಭಾಗ, ಕರ್ನಲ್ ಮತ್ತು ಅದನ್ನು ಎಬ್ಬಿಸುವ ಬೂಟ್‌ಲೋಡರ್. ಆದ್ದರಿಂದ ಸಮಾನ ಉತ್ತರಗಳಿಗೆ ಒಂದು ಮುಖ್ಯ ಕಡತ, ಪ್ರತಿ ಬಗೆಗೆ ಐದಾರು ಸಾಲಿನ ಒಂದೊಂದು ಉಪಕಡತ ಇಟ್ಟರೆ ಸಾಕು. ಡೆಬಿಯನ್‌ನ ಪ್ರಿಸೀಡ್‌ನಲ್ಲಿ ಮುಖ್ಯ ಕಡತದೊಳಗಿಂದ ಒಂದು ಸಣ್ಣ ಆಜ್ಞೆ ನಡೆಸಿ, ಅದು ಹೇಳಿದ ಹೆಸರಿನ ಉಪಕಡತವನ್ನು ಸೇರಿಸಿಕೊಳ್ಳುವ ಸೌಲಭ್ಯವಿದೆ. ಇನ್‌ಸ್ಟಾಲರ್‌ನಲ್ಲೇ ಇರುವ ಆರ್ಕ್‌ಡಿಟೆಕ್ಟ್ ಎಂಬ ಪುಟ್ಟ ಕಾರ್ಯಕ್ರಮ ಯಂತ್ರ ಯಾವ ಬಗೆ, ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್ ಇದೆಯೇ ಎಂಬುದನ್ನು ಹೇಳುತ್ತದೆ. ಕಿಕ್‌ಸ್ಟಾರ್ಟ್‌ನಲ್ಲಿಯೂ ಇದಕ್ಕೆ ಸಮನಾದ ಸೇರ್ಪಡೆ ಸಾಲು ಮತ್ತು ಪೂರ್ವಭಾವಿ ಸ್ಕ್ರಿಪ್ಟ್ ಇವೆ.

ಕೊಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಿಂದ ನಡೆಸಿಕೊಂಡು ಬಂದಿರುವ ಎಫ್‌ಎಐ ಎಂಬ ಸಾಧನ ಈ ವಿಂಗಡಣೆಯನ್ನು ಇನ್ನೂ ಮುಂದಕ್ಕೆ ಒಯ್ದು ಪ್ರತಿ ಯಂತ್ರವನ್ನೂ ಹಲವು ವರ್ಗಗಳಿಗೆ ಸೇರಿಸುತ್ತದೆ. ನೂರಾರು ಯಂತ್ರಗಳಿರುವಲ್ಲಿ ಅದು ಯೋಗ್ಯ. ಇಪ್ಪತ್ತು ಯಂತ್ರದ ಲ್ಯಾಬ್‌ಗೆ ಪ್ರಿಸೀಡ್ ಸಾಕು.

ಯಂತ್ರ ಏಳುವ ಕ್ರಮ

ಪವರ್ ಬಟನ್ ಒತ್ತಿದ ಕೂಡಲೇ ಓಡುವುದು ಮದರ್‌ಬೋರ್ಡಿನಲ್ಲೇ ಕೂತಿರುವ ಫರ್ಮ್‌ವೇರ್. ಹಳೆಯ ಪಿಸಿಗಳಲ್ಲಿ ಅದು ಬಯಾಸ್, ಹೊಸವುಗಳಲ್ಲಿ ಯುಇಎಫ್‌ಐ. ಯುಇಎಫ್‌ಐ ಇದ್ದರೆ ಕೆಲಸ ಹಗುರ. ಪೆನ್‌ಡ್ರೈವ್‌ನ ಇಎಫ್‌ಐ ಫೋಲ್ಡರಿನೊಳಗಿನ ಬೂಟ್ ಫೋಲ್ಡರಿನಲ್ಲಿ ಅದು ನಿರ್ದಿಷ್ಟ ಹೆಸರಿನ ಒಂದು ಕಡತವನ್ನು ಹುಡುಕುತ್ತದೆ, ಮತ್ತು ಆ ಹೆಸರು ಪ್ರತಿ ಆರ್ಕಿಟೆಕ್ಚರ್‌ಗೂ ಬೇರೆ. 64 ಬಿಟ್ ಪಿಸಿಗೆ ಬೂಟ್‌ಎಕ್ಸ್64, 32 ಬಿಟ್ ಯುಇಎಫ್‌ಐಗೆ ಬೂಟ್‌ಐಎ32, 64 ಬಿಟ್ ಆರ್ಮ್‌ಗೆ ಬೂಟ್‌ಎಎ64, ರಿಸ್ಕ್-ವಿಗೆ ಬೂಟ್‌ರಿಸ್ಕ್‌ವಿ64. ಹೆಸರುಗಳು ಬೇರೆಯಾದ್ದರಿಂದ ನಾಲ್ಕನ್ನೂ ಒಂದೇ ಪೆನ್‌ಡ್ರೈವ್‌ನಲ್ಲಿ ಇಡಬಹುದು. ಯಾವ ಯಂತ್ರಕ್ಕೆ ಚುಚ್ಚಿದರೂ ಅದು ತನ್ನದನ್ನಷ್ಟೇ ಎತ್ತಿಕೊಳ್ಳುತ್ತದೆ. ಜೊತೆಗೆ ಆಯಾ ಬಗೆಯ ಕರ್ನಲ್, ಮೊದಲ ರಾಮ್‌ಡಿಸ್ಕ್ ಮತ್ತು ಒಂದೇ ಮುಖ್ಯ ಉತ್ತರ ಕಡತ ಇಟ್ಟರೆ ಲ್ಯಾಬ್‌ನ ಯುಇಎಫ್‌ಐ ಯಂತ್ರಗಳಿಗೆಲ್ಲ ಸಾಲುವ ಪೆನ್‌ಡ್ರೈವ್ ಸಿದ್ಧ. ಇಷ್ಟು ಉಪಯುಕ್ತ ವಿಧಾನ ಹೆಚ್ಚು ಬಳಕೆಯಲ್ಲಿಲ್ಲ ಎಂಬುದು ಅಚ್ಚರಿ.

ಇದರಲ್ಲಿ ಒಂದು ಕೊಕ್ಕೆ ಇದೆ. ಸುಮಾರು ಹತ್ತು ವರ್ಷದ ಹಿಂದೆ ಅಗ್ಗದ ಬೆಲೆಗೆ ಬಂದ ಕೆಲವು ಆಟಂ ಲ್ಯಾಪ್‌ಟಾಪ್‌ ಮತ್ತು ಟ್ಯಾಬ್ಲೆಟ್‌ಗಳಲ್ಲಿ ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ ಮಾತ್ರ 32 ಬಿಟ್. ಬೂಟ್‌ಎಕ್ಸ್64 ಒಂದೇ ಇರುವ ಪೆನ್‌ಡ್ರೈವ್ ಇವಕ್ಕೆ ಕಾಣಿಸುವುದಿಲ್ಲ, ಯಂತ್ರವೇ ಹಾಳಾಗಿದೆಯೆಂದು ಮೂಲೆಗೆ ಹಾಕಿಬಿಡುತ್ತಾರೆ. ಬೂಟ್‌ಐಎ32 ಸೇರಿಸಿ 64 ಬಿಟ್ ಕರ್ನಲ್‌ ಕಡೆಗೆ ದಾರಿ ತೋರಿಸಿದರೆ ಅವು ಏಳುತ್ತವೆ.

ಪೆನ್‌ಡ್ರೈವ್ ಬಿಟ್ಟು ಜಾಲದ ಮೂಲಕ ಎಬ್ಬಿಸುವುದಾದರೆ ಪಿಎಕ್ಸ್‌ಇ ಎಂಬ ಪದ್ಧತಿ ಇದೆ. ಯಂತ್ರ ಎದ್ದೊಡನೆ ತನಗೊಂದು ಐಪಿ ವಿಳಾಸ ಕೊಡಿ ಎಂದು ಜಾಲದಲ್ಲಿ ಕೂಗುತ್ತದೆ. ಆ ಕೂಗಿನಲ್ಲಿ 93ನೇ ಸಂಖ್ಯೆಯ ಆಯ್ಕೆಯಾಗಿ ತನ್ನ ಆರ್ಕಿಟೆಕ್ಚರ್‌ನ ಸಂಕೇತವನ್ನೂ ಸೇರಿಸಿರುತ್ತದೆ. 2006ರ ಒಂದು ಅಂತರಜಾಲ ದಾಖಲೆ ಈ ಸಂಕೇತಗಳನ್ನು ಪಟ್ಟಿ ಮಾಡಿತು, ಬೇರೆ ಬಗೆಗಳು ಆಮೇಲೆ ಸೇರಿದವು. ಬಯಾಸ್ ಪಿಸಿಗೆ 0, 32 ಬಿಟ್ ಯುಇಎಫ್‌ಐಗೆ 6, 64 ಬಿಟ್ ಪಿಸಿ ಯುಇಎಫ್‌ಐಗೆ 7, 64 ಬಿಟ್ ಆರ್ಮ್‌ಗೆ 11, 64 ಬಿಟ್ ರಿಸ್ಕ್-ವಿಗೆ 27. ಮೂಲ ದಾಖಲೆಯಲ್ಲಿ 7 ಮತ್ತು 9 ಅದಲುಬದಲಾಗಿದ್ದುದರಿಂದ ಕೆಲವು ಯಂತ್ರಗಳು 9 ಎಂದೂ ಹೇಳಬಹುದು, ಎರಡಕ್ಕೂ ಒಂದೇ ಕಡತ ತೋರಿಸುವುದು ಕ್ಷೇಮ. ಡಿಎನ್‌ಎಸ್‌ಮಾಸ್ಕ್ ಎಂಬ ಚಿಕ್ಕ ಸರ್ವರ್ ತಂತ್ರಾಂಶಕ್ಕೆ ಈ ಸಂಖ್ಯೆಗಳನ್ನೂ ಅವುಗಳಿಗೆ ತಕ್ಕ ಬೂಟ್ ಕಡತಗಳನ್ನೂ ಹೇಳಿಕೊಟ್ಟರೆ ಯಾರಿಗೆ ಏನು ಕೊಡಬೇಕೆಂದು ಅದು ನೋಡಿಕೊಳ್ಳುತ್ತದೆ. ಸರ್ವರ್ ಎಂದರೆ ದೊಡ್ಡ ಯಂತ್ರವೇ ಆಗಬೇಕಿಲ್ಲ, ಒಂದು ಸಾಮಾನ್ಯ ಲ್ಯಾಪ್‌ಟಾಪ್ ಮತ್ತು ಒಂದು ಸ್ವಿಚ್ ಸಾಕು.

ರಾಸ್ಪ್‌ಬೆರಿ ಪೈ ಇಲ್ಲಿ ತಕರಾರು ಮಾಡುತ್ತದೆ. ಆರ್ಮ್ ಯಂತ್ರವಾಗಿದ್ದೂ ಅದು ತನ್ನನ್ನು 0 ಎಂದೇ, ಅಂದರೆ ಹಳೆಯ ಬಯಾಸ್ ಪಿಸಿ ಎಂದೇ ಪರಿಚಯಿಸಿಕೊಳ್ಳುತ್ತದೆ. ಸಂಕೇತವನ್ನೇ ನಂಬಿದರೆ ಅದಕ್ಕೆ ಪಿಸಿಯ ಕಡತ ಹೋಗಿ ಏನೂ ಆಗದೆ ನಿಲ್ಲುತ್ತದೆ. ಅದನ್ನು ಗುರುತಿಸಲು ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸದ ಮೊದಲ ಮೂರು ಜೋಡಿ ನೋಡಬೇಕು. ಬಿ8-27-ಇಬಿ ಅಥವಾ ಡಿಸಿ-ಎ6-32 ಎಂದು ಆರಂಭವಾದರೆ ಅದು ಪೈ.

ಲ್ಯಾಬ್‌ನಲ್ಲಿ ಆಗಲೇ ಒಂದು ರೂಟರ್ ಇದ್ದು ಅದೂ ಐಪಿ ವಿಳಾಸ ಹಂಚುತ್ತಿದ್ದರೆ ಇಬ್ಬರು ಹಂಚುವವರ ನಡುವೆ ಜಟಾಪಟಿ ಆಗುತ್ತದೆ. ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ವಿಧಾನದಲ್ಲಿ ನಡೆಸಿದರೆ ವಿಳಾಸ ರೂಟರ್ ಕೊಡುತ್ತದೆ, ಬೂಟ್ ಕಡತದ ಮಾಹಿತಿಯನ್ನು ಮಾತ್ರ ಲ್ಯಾಪ್‌ಟಾಪ್ ಸೇರಿಸುತ್ತದೆ. ಇನ್ನೂ ಸರಳ ದಾರಿ ರೂಟರ್‌ನ ಕೇಬಲ್ ಕಿತ್ತು, ಲ್ಯಾಬ್‌ನ ಸ್ವಿಚ್ಚನ್ನು ಆ ಹೊತ್ತಿಗೆ ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸುವುದು. ಕಚೇರಿಯ ಯಂತ್ರಗಳೂ ಅದೇ ಜಾಲದಲ್ಲಿದ್ದರೆ ಎರಡನೆಯ ದಾರಿಯೇ ಉತ್ತಮ. ಮುಖ್ಯೋಪಾಧ್ಯಾಯರ ಕಂಪ್ಯೂಟರ್ ಅಚಾನಕ್ ಜಾಲದಿಂದ ಎದ್ದು ತನ್ನ ಡಿಸ್ಕನ್ನು ತಾನೇ ಅಳಿಸಿಕೊಂಡರೆ ಅದಕ್ಕೆ ಪರಿಹಾರವಿಲ್ಲ.

ಉತ್ತರಗಳು

ಡೆಬಿಯನ್‌ನ ಪ್ರಿಸೀಡ್‌ನಲ್ಲಿ ಒಂದೊಂದು ಸಾಲಿಗೂ ನಾಲ್ಕು ಭಾಗ: ಪ್ರಶ್ನೆಯ ಒಡೆಯ, ಪ್ರಶ್ನೆಯ ಹೆಸರು, ಉತ್ತರದ ಬಗೆ, ಉತ್ತರ. ಕಡತ ಜಾಲದಿಂದ ಬರುವುದಾದರೆ ಒಂದು ತೊಡಕಿದೆ. ಭಾಷೆ ಮತ್ತು ಕೀಲಿಮಣೆಯ ಪ್ರಶ್ನೆಗಳು ಬರುವುದು ಜಾಲ ಸಿದ್ಧವಾಗುವ ಮುಂಚೆ, ಆಗ ಕಡತವೇ ಕೈಗೆ ಬಂದಿರುವುದಿಲ್ಲ. ಬೂಟ್ ಸಾಲಿನಲ್ಲಿ ಆಟೊ ಎಂದು ಕೊಟ್ಟರೆ ಆ ಪ್ರಶ್ನೆಗಳು ಕಡತ ಬರುವವರೆಗೆ ಮುಂದೂಡಲ್ಪಡುತ್ತವೆ. ಆದ್ಯತೆಯನ್ನು ಕ್ರಿಟಿಕಲ್ ಎಂದಿಟ್ಟರೆ ತೀರಾ ಅನಿವಾರ್ಯವಲ್ಲದ ಪ್ರಶ್ನೆಗಳು ಮೂಲನಿರ್ಧಾರದ ಉತ್ತರದಲ್ಲೇ ಮುಗಿಯುತ್ತವೆ. ಪೂರಾ ಹೊಸದಾಗಿ ಬರೆಯುವ ಬದಲು ಡೆಬಿಯನ್ ತನ್ನ ಕೈಪಿಡಿಯೊಂದಿಗೆ ಕೊಡುವ ಮಾದರಿ ಕಡತವನ್ನು ತಿದ್ದುವುದು ಲೇಸು. ಫೆಡೋರಾದಲ್ಲಿ ಇನ್ನೂ ಸುಲಭ: ಒಮ್ಮೆ ಕೈಯಿಂದ ಅನುಸ್ಥಾಪನೆ ಮಾಡಿದರೆ ಆಗ ಕೊಟ್ಟ ಉತ್ತರಗಳೆಲ್ಲ ರೂಟ್ ಫೋಲ್ಡರಿನಲ್ಲಿ ಕಿಕ್‌ಸ್ಟಾರ್ಟ್ ಕಡತವಾಗಿ ಉಳಿದಿರುತ್ತವೆ.

ಕನ್ನಡದ ವಿಷಯದಲ್ಲಿ ಎಚ್ಚರ ಬೇಕಾದ ಜಾಗವೊಂದಿದೆ. ಲೊಕೇಲನ್ನು ಕನ್ನಡ-ಭಾರತ ಎಂದು ಕೊಡುವುದರಿಂದ ತೊಂದರೆಯಿಲ್ಲ, ಮೆನುಗಳು ಕನ್ನಡದಲ್ಲಿ ಬರುತ್ತವೆ. ಡೆಬಿಯನ್‌ನಲ್ಲಿ ಕನ್ನಡ ಡೆಸ್ಕ್‌ಟಾಪ್‌ಗೆಂದೇ ಒಂದು ಪ್ಯಾಕೇಜ್ ಗುಂಪೂ ಇದೆ, ಗುಬ್ಬಿ ಮತ್ತು ಲೋಹಿತ್ ಅಕ್ಷರಶೈಲಿಗಳೂ ಸಿಗುತ್ತವೆ. ಆದರೆ ಕೀಲಿಮಣೆಯನ್ನೂ ಕನ್ನಡವೆಂದೇ ಉತ್ತರ ಕಡತದಲ್ಲಿ ಬರೆದುಬಿಟ್ಟರೆ ಲಾಗಿನ್ ಪರದೆಯಲ್ಲಿ ಇಂಗ್ಲಿಷ್ ಅಕ್ಷರದ ಪಾಸ್‌ವರ್ಡ್ ಒತ್ತಲಾಗದೆ ಯಂತ್ರದ ಬಾಗಿಲು ಮುಚ್ಚಿಕೊಳ್ಳಬಹುದು. ಅನುಸ್ಥಾಪನೆಯಲ್ಲಿ ಅಮೆರಿಕನ್ ಇಂಗ್ಲಿಷ್ ಕೀಲಿಮಣೆ ಇಟ್ಟು, ಡೆಸ್ಕ್‌ಟಾಪ್ ಬಂದ ಮೇಲೆ ಎರಡನೆಯದಾಗಿ ಕನ್ನಡ ಸೇರಿಸಬೇಕು. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ ಸಿದ್ಧವಾಗಿಯೇ ಇದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಅದು ಹೊಸದಲ್ಲ. ಬಳಕೆದಾರರ ಹೆಸರು ಮತ್ತು ಯಂತ್ರದ ಹೆಸರು ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳಲ್ಲೇ ಇರಲಿ. ಅಕ್ಷರ ಆಧಾರಿತ ಇನ್‌ಸ್ಟಾಲರ್ ಪರದೆಗೆ ಕನ್ನಡದ ಒತ್ತಕ್ಷರ ಜೋಡಿಸುವ ಶಕ್ತಿ ಇಲ್ಲ. ಕನ್ನಡದಲ್ಲೇ ನೋಡಬೇಕೆಂದಿದ್ದರೆ ಚಿತ್ರಾತ್ಮಕ ಇನ್‌ಸ್ಟಾಲರ್ ಬೇಕು, ಯಾರೂ ನೋಡದ ಅನುಸ್ಥಾಪನೆಗೆ ಅದರ ಅಗತ್ಯ ಅಷ್ಟಿಲ್ಲ.

ಯಾವ ತಂತ್ರಾಂಶ ಹಾಕಬೇಕೆಂಬುದಕ್ಕೆ ಮಾದರಿಗಳು ಹತ್ತಿರದಲ್ಲೇ ಇವೆ. ರಾಜ್ಯದ ಟಾಲ್ಪ್ ಕಾರ್ಯಕ್ರಮದ ಶಿಕ್ಷಕರ ತರಬೇತಿ ನಡೆದದ್ದು ಉಬುಂಟು ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಶಾಲೆಗಳು ಕೈಟ್ ಸಂಸ್ಥೆ ಉಬುಂಟುವಿನಿಂದ ರೂಪಿಸಿದ ಲಿನಕ್ಸನ್ನು ಬಳಸುತ್ತವೆ, ಅಲ್ಲಿನ ಐಸಿಟಿ ಪಠ್ಯ ಕನ್ನಡದಲ್ಲೂ ಇದೆ. ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಡೆಬಿಯನ್ ಆಧಾರಿತ. ಇವುಗಳ ಪ್ಯಾಕೇಜ್ ಪಟ್ಟಿ ನೋಡಿ ಶಾಲೆಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಕಂಪನಿಗಳು ತಮ್ಮ ತಾಣದಲ್ಲಿ ಕೊಡುವ ಮುಚ್ಚಿದ ತಂತ್ರಾಂಶಗಳಲ್ಲಿ ಹಲವು 64 ಬಿಟ್ ಪಿಸಿಗೆ ಮಾತ್ರ ಸಿಗುವುದರಿಂದ ಅವನ್ನು ಮುಖ್ಯ ಕಡತದಲ್ಲಿ ಬರೆಯದೆ ಎಎಂಡಿ64ರ ಉಪಕಡತಕ್ಕೆ ಸೇರಿಸಬೇಕು.

ಡಿಸ್ಕು

ಅತಿ ಹೆಚ್ಚು ಅನಾಹುತ ಆಗುವುದು ಇಲ್ಲಿ. ಮೊದಲನೆಯದು ಹೆಸರಿನ ಗೊಂದಲ. ಸಾಟಾ ಡಿಸ್ಕಿನ ಹೆಸರು ಎಸ್‌ಡಿಎ, ಹೊಸ ಎಸ್‌ಎಸ್‌ಡಿಯದು ಎನ್‌ವಿಎಂಇ ಎಂದು ಆರಂಭ, ಪೈ ಮುಂತಾದ ಬೋರ್ಡುಗಳ ಮೆಮರಿ ಕಾರ್ಡಿನದು ಎಂಎಂಸಿ ಎಂದು ಆರಂಭ. ಉತ್ತರ ಕಡತದಲ್ಲಿ ಎಸ್‌ಡಿಎ ಎಂದು ಬರೆದಿದ್ದು, ಯಂತ್ರದಲ್ಲಿ ಎನ್‌ವಿಎಂಇ ಡಿಸ್ಕ್ ಮಾತ್ರ ಇದ್ದರೆ ಎಸ್‌ಡಿಎ ಎಂಬ ಹೆಸರು ಹೋಗುವುದು ಚುಚ್ಚಿದ ಪೆನ್‌ಡ್ರೈವ್‌ಗೇ! ಇನ್‌ಸ್ಟಾಲರ್ ತಾನು ಕೂತ ಕೊಂಬೆಯನ್ನೇ ಕಡಿಯಹೊರಡುತ್ತದೆ. ಆದ್ದರಿಂದ ಹೆಸರನ್ನು ನೇರ ಬರೆಯದೆ, ಭಾಗ ಮಾಡುವ ಮೊದಲು ಓಡುವ ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಡಿಸ್ಕುಗಳನ್ನು ಎಣಿಸಿ, ತೆಗೆಯಬಹುದಾದವನ್ನು ಬಿಟ್ಟು, ಉಳಿದದ್ದು ಒಂದೇ ಆದರೆ ಮಾತ್ರ ಮುಂದುವರಿಯುವಂತೆ ಮಾಡಬೇಕು. ಎರಡು ಡಿಸ್ಕ್ ಸಿಕ್ಕಿದರೆ ನಿಂತು ಕೇಳಲಿ. ಸ್ವಯಂಚಾಲಿತವೆಂದ ಮಾತ್ರಕ್ಕೆ ಎಲ್ಲವನ್ನೂ ಕೇಳದೆ ಮಾಡಬೇಕೆಂದಿಲ್ಲ.

ಎರಡನೆಯದು ಡಿಸ್ಕಿನ ತಲೆಭಾಗ. ಯುಇಎಫ್‌ಐ ಯಂತ್ರಕ್ಕೆ ಫ್ಯಾಟ್ ಮಾದರಿಯ ಒಂದು ಇಎಫ್‌ಐ ವಿಭಾಗ ಬೇಕು. ಬಯಾಸ್ ಯಂತ್ರದಲ್ಲಿ ಜಿಪಿಟಿ ವಿಭಾಗಪಟ್ಟಿ ಬಳಸಿದರೆ ಗ್ರಬ್ ಎಂಬ ಬೂಟ್‌ಲೋಡರ್‌ಗೆಂದು ಒಂದು ಎಂಬಿಯ ಪುಟ್ಟ ವಿಭಾಗ ಬೇಕು. ಆಲ್‌ವಿನ್ನರ್ ಚಿಪ್‌ನ ಅಗ್ಗದ ಆರ್ಮ್ ಬೋರ್ಡುಗಳು ಯು-ಬೂಟ್ ಎಂಬ ಬೂಟ್‌ಲೋಡರನ್ನು ಕಾರ್ಡಿನ ಆರಂಭದಿಂದ 8 ಕೆಬಿ ದೂರದಲ್ಲಿ ಹುಡುಕುತ್ತವೆ. ಜಿಪಿಟಿ ಪಟ್ಟಿ ಹಿಡಿಯುವ ಜಾಗ ಸುಮಾರು 17 ಕೆಬಿ. ಒಂದರ ಮೇಲೊಂದು ಬಿದ್ದು ಯಂತ್ರ ಮತ್ತೆ ಏಳದು. ಇಂಥ ಬೋರ್ಡಿಗೆ ಹಳೆಯ ಎಂಬಿಆರ್ ಪಟ್ಟಿಯೇ ಸೂಕ್ತ. ಕಿಕ್‌ಸ್ಟಾರ್ಟ್‌ನಲ್ಲಿ ರೆಕ್‌ಪಾರ್ಟ್ ಎಂಬ ಒಂದೇ ಸಾಲು ಆಯಾ ಯಂತ್ರಕ್ಕೆ ಅನಿವಾರ್ಯವಾದ ಬೂಟ್ ವಿಭಾಗಗಳನ್ನು ತಾನೇ ಮಾಡಿಕೊಳ್ಳುತ್ತದೆ. ಡೆಬಿಯನ್‌ನ ಸ್ವಯಂ ವಿಭಜನೆಯೂ ಪಿಸಿಗಳ ಮಟ್ಟಿಗೆ ಇದನ್ನು ಅರಿತಿದೆ. ಕೈಯಿಂದ ಬರೆದ ಉದ್ದುದ್ದದ ವಿಭಜನಾ ಸೂತ್ರಗಳಿಗಿಂತ ಎಲ್ಲವೂ ಒಂದೇ ವಿಭಾಗದಲ್ಲಿರುವ ಸರಳ ಸೂತ್ರ ಶಾಲೆಗೆ ಸಾಕು.

ಕರೆಂಟ್, ಇಂಟರ್‌ನೆಟ್

ಪೂರ್ಣ ಡೆಸ್ಕ್‌ಟಾಪ್‌ಗೆ ಒಂದು ಯಂತ್ರ ಒಂದು ಜಿಬಿಗೂ ಹೆಚ್ಚು ಇಳಿಸಿಕೊಳ್ಳುತ್ತದೆ. ಇಪ್ಪತ್ತು ಯಂತ್ರವೆಂದರೆ ಇಪ್ಪತ್ತು ಪಟ್ಟು. ಸೊರಬದ ಹಳ್ಳಿಯೊಂದರಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಇದಕ್ಕೆ ಕೈಹಾಕಿದರೆ ಸಂಜೆಯ ಹೊತ್ತಿಗೆ ಡೇಟಾವೂ ಮುಗಿದಿರುತ್ತದೆ, ತಾಳ್ಮೆಯೂ ಮುಗಿದಿರುತ್ತದೆ. ಸರ್ವರ್ ಲ್ಯಾಪ್‌ಟಾಪ್‌ನಲ್ಲಿ ಆಪ್ಟ್-ಕ್ಯಾಚರ್-ಎನ್‌ಜಿ ಎಂಬ ದಾಸ್ತಾನು ತಂತ್ರಾಂಶ ಇಟ್ಟು ಉತ್ತರ ಕಡತದ ಪ್ರಾಕ್ಸಿ ಸಾಲಿನಲ್ಲಿ ಅದರ ವಿಳಾಸ ಬರೆದರೆ ಒಮ್ಮೆ ಇಳಿದ ಪ್ಯಾಕೇಜ್ ಲ್ಯಾಬ್‌ನಲ್ಲೇ ಉಳಿದು ಉಳಿದ ಯಂತ್ರಗಳಿಗೆ ಅಲ್ಲಿಂದಲೇ ಹೋಗುತ್ತದೆ. ಶಿವಮೊಗ್ಗದಲ್ಲೋ ಶಿಕಾರಿಪುರದಲ್ಲೋ ಒಳ್ಳೆಯ ಸಂಪರ್ಕವಿರುವ ಕಡೆ ಒಂದು ಯಂತ್ರವನ್ನು ಮೊದಲೇ ಅನುಸ್ಥಾಪಿಸಿದರೆ ದಾಸ್ತಾನು ತುಂಬಿಕೊಂಡೇ ಹಳ್ಳಿಗೆ ಹೋಗಬಹುದು. ಅಕ್ಷರಶೈಲಿ, ಸಹಾಯ ಪುಟ, ಅನುವಾದದಂಥ ಪ್ಯಾಕೇಜ್‌ಗಳು ಎಲ್ಲ ಆರ್ಕಿಟೆಕ್ಚರ್‌ಗಳಿಗೂ ಒಂದೇ ಆದ್ದರಿಂದ ಪಿಸಿಗೆಂದು ಇಳಿದದ್ದೇ ಆರ್ಮ್‌ಗೂ ರಿಸ್ಕ್-ವಿಗೂ ಸಲ್ಲುತ್ತದೆ.

ಉಬುಂಟು ಆಟೊಇನ್‌ಸ್ಟಾಲನ್ನು ಜಾಲದಿಂದ ನಡೆಸುವವರು ರ‍್ಯಾಮ್ ಗಮನಿಸಬೇಕು. ಅದು ಪೂರಾ ಐಎಸ್‌ಒ ಕಡತವನ್ನೇ ರ‍್ಯಾಮ್‌ಗೆ ಎಳೆದುಕೊಳ್ಳುತ್ತದೆ, 24.04ರ ಸರ್ವರ್ ಕಡತವೇ 2.5 ಜಿಬಿಗೂ ಹೆಚ್ಚು. 2 ಜಿಬಿ ರ‍್ಯಾಮ್‌ನ ಹಳೆಯ ಯಂತ್ರ ಅಲ್ಲೇ ಕುಸಿಯುತ್ತದೆ. ಅಂಥವಕ್ಕೆ ಡೆಬಿಯನ್ ಮತ್ತು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಸರಿ.

ಮಳೆಗಾಲದಲ್ಲಿ ಒಂದು ಗಾಳಿಗೆ ಕೊಂಬೆ ತಂತಿಯ ಮೇಲೆ ಬಿದ್ದರೆ ಅನುಸ್ಥಾಪನೆ ನಡುವೆಯೇ ನಿಲ್ಲುತ್ತದೆ. ಕೈಯಿಂದ ಮಾಡಿದ್ದಾದರೆ ಮತ್ತೆಲ್ಲ ಪ್ರಶ್ನೆಗಳಿಗೂ ಮೊದಲಿಂದ ಉತ್ತರಿಸಬೇಕು, ಉತ್ತರ ಕಡತವಿದ್ದರೆ ಕರೆಂಟ್ ಬಂದಾಗ ಯಂತ್ರ ಆನ್ ಮಾಡಿದರೆ ಸಾಕು. ಸರ್ವರ್ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದ್ದೇ ಇರುತ್ತದೆ, ಸ್ವಿಚ್ಚಿಗೊಂದು ಯುಪಿಎಸ್ ಕೊಡಬೇಕು. ಇದೇ ಸಂದರ್ಭದಲ್ಲಿ ಬೂಟ್ ಕ್ರಮವನ್ನೂ ಯೋಚಿಸಬೇಕು. ಜಾಲ ಮೊದಲು, ಡಿಸ್ಕ್ ಆಮೇಲೆ ಎಂದಿಟ್ಟರೆ ಅನುಸ್ಥಾಪನೆ ಮುಗಿಸಿ ಮರಳಿ ಎದ್ದ ಯಂತ್ರ ಮತ್ತೆ ಜಾಲಕ್ಕೆ ಹೋಗಿ ಮತ್ತೆ ಅನುಸ್ಥಾಪನೆಗೆ ಇಳಿಯುತ್ತದೆ, ರಾತ್ರಿಯಿಡೀ ಅದೇ ಕತೆ. ಡಿಸ್ಕ್ ಮೊದಲು ಇರಲಿ. ಖಾಲಿ ಡಿಸ್ಕಿನಿಂದ ಏಳಲಾಗದೆ ಯಂತ್ರ ತಾನೇ ಜಾಲಕ್ಕೆ ಹೋಗುತ್ತದೆ, ಹಳೆಯ ಓಎಸ್ ಇರುವುದಕ್ಕೆ ಮಾತ್ರ ಒಮ್ಮೆ ಬೂಟ್ ಮೆನುವಿನ ಕೀಲಿ ಒತ್ತಬೇಕಾದೀತು.

ಇನ್‌ಸ್ಟಾಲರ್ ಇಲ್ಲದ ಯಂತ್ರಗಳು

ಪಿಸಿ ತನ್ನೊಳಗೆ ಏನೇನಿದೆ ಎಂದು ಓಎಸ್‌ಗೆ ತಾನೇ ಹೇಳಬಲ್ಲದು. ಸಣ್ಣ ಆರ್ಮ್ ಮತ್ತು ರಿಸ್ಕ್-ವಿ ಬೋರ್ಡುಗಳಿಗೆ ಆ ಶಕ್ತಿ ಕಡಿಮೆ. ಯಾವ ವಿಳಾಸದಲ್ಲಿ ಯಾವ ಸಾಧನ ಇದೆ ಎಂಬುದನ್ನು ಡಿವೈಸ್ ಟ್ರೀ ಎಂಬ ಕಡತ ಕರ್ನಲ್‌ಗೆ ತಿಳಿಸಬೇಕು, ಅದು ಬೋರ್ಡಿನಿಂದ ಬೋರ್ಡಿಗೆ ಬೇರೆ. ಹಾಗಾಗಿ ಇಂಥವಕ್ಕೆ ತಯಾರಕರು ಇನ್‌ಸ್ಟಾಲರ್ ಬದಲು ಸಿದ್ಧ ಇಮೇಜ್ ಕೊಡುತ್ತಾರೆ, ಅದನ್ನು ಮೆಮರಿ ಕಾರ್ಡಿಗೆ ಬರೆದರೆ ಕೆಲಸ ಮುಗಿಯಿತು. ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲಿ ಬರೆಯುವ ಮುಂಚೆಯೇ ಬಳಕೆದಾರರ ಹೆಸರು, ವೈಫೈ, ಸಮಯವಲಯ ತುಂಬಬಹುದು, ಅದೇ ಅದರ ಉತ್ತರ ಕಡತ.

ರಿಸ್ಕ್-ವಿಯಲ್ಲಿ ಆವೃತ್ತಿ ನೋಡಿಯೇ ಮುಂದುವರಿಯಬೇಕು. ಡೆಬಿಯನ್ 13 ಇದನ್ನು ಮೊದಲ ಬಾರಿಗೆ ಅಧಿಕೃತ ಆರ್ಕಿಟೆಕ್ಚರ್ ಆಗಿ ಸೇರಿಸಿಕೊಂಡಿತು. ಉಬುಂಟು ಮಾತ್ರ 25.10ರಿಂದ ಆರ್‌ವಿಎ23 ಎಂಬ ಹೊಸ ಮಾನದಂಡ ಪಾಲಿಸುವ ಚಿಪ್‌ಗಳನ್ನಷ್ಟೇ ಒಪ್ಪುತ್ತದೆ. ಈಗಾಗಲೇ ಕೊಂಡ ಬಹಳಷ್ಟು ಬೋರ್ಡುಗಳು ಅದಕ್ಕಿಂತ ಹಳೆಯವು, ಅವು 24.04ರಲ್ಲೇ ಉಳಿಯಬೇಕು. ತಯಾರಕರೇ ಓಎಸ್ ಹಾಕಿ ಕೊಟ್ಟ ಯಂತ್ರವಿದ್ದರೆ ಅದನ್ನು ಅಳಿಸದಿರುವುದೇ ಜಾಣತನ.

ಹಾಗಾದರೆ ಈ ಯಂತ್ರಗಳು ಉಳಿದವುಗಳ ಹಾಗೆ ಇರುವುದು ಹೇಗೆ? ಉತ್ತರ ಕಡತವನ್ನು ಆದಷ್ಟು ತೆಳ್ಳಗಿಟ್ಟು, ಬಳಕೆದಾರರು, ಕನ್ನಡ ಕೀಲಿಮಣೆ, ತಂತ್ರಾಂಶಗಳ ಪಟ್ಟಿ, ಪ್ರಿಂಟರ್ ಎಲ್ಲವನ್ನೂ ಅನುಸ್ಥಾಪನೆಯ ಕೊನೆಯಲ್ಲಿ ಓಡುವ ಒಂದು ಶೆಲ್ ಸ್ಕ್ರಿಪ್ಟ್‌ಗೆ ಒಯ್ಯಬೇಕು. ಪಿಸಿಯಲ್ಲಿ ಅದನ್ನು ಇನ್‌ಸ್ಟಾಲರ್‌ನ ಕೊನೆಯ ಆಜ್ಞೆ ಓಡಿಸುತ್ತದೆ, ಡೆಬಿಯನ್ ಬಳಗದ ಓಎಸ್ ಇರುವ ಪೈ ಮತ್ತು ರಿಸ್ಕ್-ವಿಯಲ್ಲಿ ಅದನ್ನೇ ಕೈಯಿಂದ ಒಮ್ಮೆ ಓಡಿಸಬಹುದು. ಸ್ಕ್ರಿಪ್ಟ್‌ಗೆ ಪ್ರೊಸೆಸರ್‌ನ ಹಂಗಿಲ್ಲ. ಹಲವು ಬಗೆಯ ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಇದಕ್ಕಿಂತ ಉಪಯೋಗದ ಸಲಹೆ ಇನ್ನೊಂದಿಲ್ಲ.

ವಿಂಡೋಸ್ ಬೇಕೇಬೇಕೆಂಬ ಕಡೆ ಉತ್ತರ ಕಡತವನ್ನು ಆಟೊಅನ್‌ಅಟೆಂಡ್ ಎಂಬ ಹೆಸರಿನಲ್ಲಿ ಪೆನ್‌ಡ್ರೈವ್‌ನ ಮೂಲ ಫೋಲ್ಡರಿನಲ್ಲಿಟ್ಟರೆ ಸೆಟಪ್ ತಾನೇ ಹುಡುಕಿಕೊಳ್ಳುತ್ತದೆ. ಆ ಕಡತದ ಪ್ರತಿ ಅಂಶಕ್ಕೂ ಪ್ರೊಸೆಸರ್ ಆರ್ಕಿಟೆಕ್ಚರ್ ಎಂಬ ಗುಣ ಇದ್ದು, ಅದು ಯಂತ್ರಕ್ಕೆ ಹೊಂದದಿದ್ದರೆ ಆ ಭಾಗವನ್ನು ಸೆಟಪ್ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎಎಂಡಿ64ಕ್ಕೊಂದು, ಆರ್ಮ್64ಕ್ಕೊಂದು ಪ್ರತಿಯನ್ನು ಅದೇ ಕಡತದಲ್ಲಿ ಬರೆದರೆ ಎರಡಕ್ಕೂ ಒದಗುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 ಇಲ್ಲದ ಹಳೆಯ ಲ್ಯಾಬ್ ಯಂತ್ರಗಳು ವಿಂಡೋಸ್ 11ರ ಅರ್ಹತೆ ಪಡೆಯುವುದಿಲ್ಲ.

ಪರೀಕ್ಷೆ ಮತ್ತು ಸುರಕ್ಷತೆ

ಮಕ್ಕಳ ಲ್ಯಾಬ್‌ನಲ್ಲಿ ಮೊದಲ ಪ್ರಯೋಗ ಬೇಡ. ಕ್ಯೂಇಎಂಯು ಎಂಬ ತಂತ್ರಾಂಶ ಸಾಮಾನ್ಯ ಲ್ಯಾಪ್‌ಟಾಪ್‌ನೊಳಗೇ ಆರ್ಮ್ ಅಥವಾ ರಿಸ್ಕ್-ವಿ ಯಂತ್ರವನ್ನು ಅನುಕರಿಸುತ್ತದೆ. ನಿಧಾನ ಹೌದು, ಆದರೆ ಉತ್ತರ ಕಡತದಲ್ಲಿ ಬಿಟ್ಟುಹೋದ ಪ್ರಶ್ನೆ ಯಾವುದೆಂದು ಇನ್‌ಸ್ಟಾಲರ್ ನಿಂತ ಜಾಗವೇ ತೋರಿಸಿಕೊಡುತ್ತದೆ. ಬೋರ್ಡುಗಳಲ್ಲಿ ಪರದೆ ಕಪ್ಪಾಗಿಯೇ ಉಳಿದರೆ ಮೊದಲು ನೋಡಬೇಕಾದ್ದು ಕನ್ಸೋಲ್ ಸಾಲು. ಎಷ್ಟೋ ಬೋರ್ಡುಗಳು ಮಾತಾಡುವುದು ಸೀರಿಯಲ್ ತಂತಿಯಲ್ಲಿ, ಆ ತಂತಿಯ ಹೆಸರು ಚಿಪ್‌ನಿಂದ ಚಿಪ್‌ಗೆ ಬದಲಾಗುತ್ತದೆ. ಡೆಬಿಯನ್ ಅನುಸ್ಥಾಪನೆಯ ದಾಖಲೆಗಳು ಯಂತ್ರದಲ್ಲೇ ಲಾಗ್ ಫೋಲ್ಡರಿನ ಇನ್‌ಸ್ಟಾಲರ್ ಉಪಫೋಲ್ಡರಿನಲ್ಲಿ ಉಳಿಯುತ್ತವೆ.

ಪೆನ್‌ಡ್ರೈವ್‌ನ ಮೆನುವಿನಲ್ಲಿ ಮೊದಲ ಆಯ್ಕೆ ಯಾವಾಗಲೂ ಡಿಸ್ಕಿನಿಂದ ಏಳು ಎಂಬುದೇ ಆಗಿರಲಿ, ಅಳಿಸಿ ಅನುಸ್ಥಾಪಿಸು ಎಂಬುದು ಎರಡನೆಯದು. ಪೆನ್‌ಡ್ರೈವ್ ಮೇಲೆ ಕೆಂಪು ಟೇಪ್ ಅಂಟಿಸಿ ಬೀರುವಿನಲ್ಲಿಟ್ಟರೆ ಪಾಠದ ಕಡತ ಸಾಗಿಸಲು ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ. ಪಾಸ್‌ವರ್ಡನ್ನು ಉತ್ತರ ಕಡತದಲ್ಲಿ ನೇರವಾಗಿ ಬರೆಯದೆ ಎಂಕೆಪಾಸ್‌ಡಬ್ಲ್ಯೂಡಿ (mkpasswd) ಆಜ್ಞೆಯಿಂದ ಗೂಢರೂಪಕ್ಕೆ ತಿರುಗಿಸಿ ಬರೆಯಬೇಕು. ಆ ಗೂಢರೂಪವೂ ಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಹಂಚಿಕೆಯಾಗುವುದರಿಂದ, ಕೊನೆಯ ಯಂತ್ರ ಸಿದ್ಧವಾದ ದಿನವೇ ಬೂಟ್ ಸರ್ವರನ್ನು ನಿಲ್ಲಿಸಿ, ಎಲ್ಲ ಯಂತ್ರಗಳ ಆಡಳಿತ ಪಾಸ್‌ವರ್ಡನ್ನು ಬದಲಿಸಿ.